ದನಿ ತೆಗೆಯಬೇಡಿ

ಮೊನ್ನೆ ಪುಣೆಯ ಸ್ವಾರಗೇಟದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮಳೆ ಜೋರಾಯಿತು. ಶೆಡ್ಡಿನೊಳಗೆ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತರು. ನನ್ನ ಪಕ್ಕಕ್ಕೆ ಬಂದವನು ಯಾವುದೋ ಸೊಸೈಟಿಯ ವಾಚ್‌ಮನ್. ಮೈಮೇಲೆ ಕಪ್ಪು ರಬ್ಬರಿನ ರೇನ್‌ಕೋಟು, ಅದರ ಒಳಗೆ ಬೆವರು, ಹೊರಗೆ ಮಳೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಪ್ಪನಿಗೆ ಲಕ್ವಾ ಹೊಡೆದ ವರ್ಷದ ಮಳೆಗಾಲ ಪೂರ್ತಿ ಎದ್ದು ಬಂತು. ಇಂಥ ನೆನಪಿಗೆ ಕೆಲವರ ಕಣ್ಣು ತುಂಬುತ್ತದೆ. ನನಗೆ ಹಲ್ಲು ಬಿಗಿಯುತ್ತದೆ.

ನನ್ನ ಅಪ್ಪ ಶರಣಪ್ಪ ಆಳಂದ ಕಡೆಯವನು. ಮದುವೆಯಾದ ಹೊಸದರಲ್ಲಿ ಅವ್ವನನ್ನು ಕರೆದುಕೊಂಡು ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದ. ಒಂದು ಸೈಟಿನಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಕಾತ್ರಜದ ಹತ್ತಿರ ಎದ್ದ ಒಂದು ದೊಡ್ಡ ಹೌಸಿಂಗ್ ಸೊಸೈಟಿಗೆ ಇಟ್ಟಂಗಿ ಹೊತ್ತ. ಕಟ್ಟಡ ಮುಗಿದು ಮನೆಗಳಿಗೆ ಜನ ಬಂದಾಗ ಅದೇ ಗೇಟಿಗೆ ವಾಚ್‌ಮನ್ ಆಗಿ ನಿಂತ. ಅವ್ವ ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ನಾನು ಇಲ್ಲಿಯ ಕನ್ನಡ ಶಾಲೆಯಲ್ಲೇ ಕಲಿತು, ಈಗ ಅಂಥದೇ ಒಂದು ಶಾಲೆಯಲ್ಲಿ ಕಲಿಸುತ್ತೇನೆ.

ಅಪ್ಪ ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ತಂದೆ ಕುಡಿದು ಕುಡಿದೇ ಸತ್ತದ್ದು. ತಂದೆಯನ್ನು ಮಣ್ಣು ಮಾಡಿ ಬಂದ ದಿನ ಕೊರಳ ಲಿಂಗ ಹಿಡಿದು ಆಣೆ ಮಾಡಿದ್ದನಂತೆ. ಸೈಟಿನಲ್ಲಿ ಜೊತೆಯವರು ಸಂಜೆ ಬಾಟಲಿ ಬಿಚ್ಚಿದರೆ ಇವನು ಎದ್ದು ಹೋಗಿ ಮರಳಿನ ಗುಡ್ಡೆಯ ಮೇಲೆ ಒಬ್ಬನೇ ಕೂತು ಭಜನೆ ಹಾಡು ಗುನುಗುತ್ತಿದ್ದ ಎಂದು ಅವ್ವ ಹೇಳುತ್ತಿದ್ದಳು.

ಆ ಸೊಸೈಟಿಯ ಸೆಕ್ರೆಟರಿ ಗಿರೀಶ್ ಎಂಬವನು. ಮೈಸೂರಿನವನು, ಹಿಂಜವಡಿಯ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆ. ಅವನು ಕನ್ನಡದವನೆಂದು ಅಪ್ಪನಿಗೆ ಎಲ್ಲಿಲ್ಲದ ಹೆಮ್ಮೆ. ಊರಿಂದ ಯಾರೇ ಬಂದರೂ, "ಸೆಕ್ರೆಟರಿನೇ ನಮ್ಮೋರು ಅದಾರ, ನನಗೇನ್ ಚಿಂತಿ" ಅನ್ನುತ್ತಿದ್ದ. ಗಿರೀಶ್ ಕಾರು ನಿಲ್ಲಿಸಿ ಕನ್ನಡದಲ್ಲಿ ಎರಡು ಮಾತು ಆಡಿದರೆ ಸಾಕು, ಅಪ್ಪ ಅವನ ತರಕಾರಿ ಚೀಲ ಹೊರುತ್ತಿದ್ದ, ಕಾರು ಒರೆಸುತ್ತಿದ್ದ, ಅವನ ಮಗಳ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದ. ಬೇಸಿಗೆಯಲ್ಲಿ ಸೊಸೈಟಿಯವರು ಆರೋಗ್ಯ ತಪಾಸಣೆಯ ಶಿಬಿರ ಇಟ್ಟಿದ್ದರು. ಅದಕ್ಕೆ ಕುರ್ಚಿ ಹಾಕಿದವನು, ಪೆಂಡಾಲಿಗೆ ಹಗ್ಗ ಕಟ್ಟಿದವನು ಅಪ್ಪ. ಬಿ.ಪಿ. ನೋಡುವ ಪಟ್ಟಿಯನ್ನು ಅವನ ತೋಳಿಗೆ ಮಾತ್ರ ಯಾರೂ ಕಟ್ಟಲಿಲ್ಲ. ಕಟ್ಟಿದ್ದರೆ ಬಿ.ಪಿ. ಏರಿದ್ದು ಆಗಲೇ ಗೊತ್ತಾಗುತ್ತಿತ್ತು.

ಆಷಾಢದ ಒಂದು ಬೆಳಗ್ಗೆ. ಹಿಂದಿನ ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಶಾಲೆಯ ಬಸ್ಸು ಹೋದ ಮೇಲೆ ಗೇಟು ಮುಚ್ಚಲು ಹೋದ ಅಪ್ಪ ಅಲ್ಲೇ ಕುಸಿದು ಕೂತ. ಗಿರೀಶ್ ಆಫೀಸಿಗೆ ಹೊರಟು ಬಂದು ಹಾರ್ನ್ ಹೊಡೆದ. ಅಪ್ಪ ಕಂಬ ಹಿಡಿದು ಏಳಲು ನೋಡಿದ, ತೂರಾಡಿದ, ಏನೋ ಹೇಳಿದ, ಮಾತು ತೊದಲಿತು. ಗಿರೀಶ್ ಕಾರಿನಿಂದ ಇಳಿಯಲಿಲ್ಲ. ಕಿಟಕಿ ಇಳಿಸಿ ಫೋನು ಹೊರಗೆ ಹಿಡಿದ.

ಆ ವಿಡಿಯೊ ನನಗೆ ಬಾಯಿಪಾಠ. ಮೊದಲು ಹಿಂದಿಯಲ್ಲಿ ನಗು ಬೆರೆತ ದನಿ: "ಯೇ ದೇಖೋ, ಹಮಾರಾ ಸೆಕ್ಯುರಿಟಿ." ಆಮೇಲೆ ಕನ್ನಡದಲ್ಲಿ, ಅಪ್ಪನಿಗೆ: "ಏನ್ ಶರಣಪ್ಪ, ಬೆಳ್‌ಬೆಳಗ್ಗೆನೇ ಫುಲ್ ಟೈಟಾ? ಎಲ್ಲಿ, ಸಲ್ಯೂಟ್ ಹೊಡಿ ನೋಡೋಣ. ಹೊಡಿಯೋ." ಅಪ್ಪ ಸಲ್ಯೂಟ್ ಹೊಡೆಯಲು ಹೋಗುತ್ತಾನೆ. ಬಲಗೈ ಎದೆಯವರೆಗೂ ಏರದೆ ಬೀಳುತ್ತದೆ. ಮತ್ತೆ ಎತ್ತುತ್ತಾನೆ, ಮತ್ತೆ ಬೀಳುತ್ತದೆ. ಗಿರೀಶ್ ನಗುತ್ತಾನೆ. ಅಲ್ಲಿಗೆ ಮುಗಿಯುತ್ತದೆ.

ಅದನ್ನು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿ, ಇನ್ನೊಬ್ಬ ವಾಚ್‌ಮನ್ ರಾಮದಾಸನಿಗೆ, ಅಪ್ಪನನ್ನು ಪಂಪ್ ರೂಮಿನಲ್ಲಿ ಹಾಕಿ ಹೊರಗಿನಿಂದ ಚಿಲಕ ಹಾಕು, ಅಮಲು ಇಳಿಯುವವರೆಗೆ ಬಿಡಬೇಡ ಎಂದು ಹೇಳಿ ಆಫೀಸಿಗೆ ಹೋದ. ರಾಮದಾಸ ತನ್ನ ನೌಕರಿಯ ಭಯದಲ್ಲಿ ಹಾಗೇ ಮಾಡಿದ. ಗುಂಪಿನಲ್ಲಿ ಒಬ್ಬರೂ ಕೆಳಗಿಳಿದು ಬಂದು ನೋಡಲಿಲ್ಲ. ನಗುವ ಮುಖಗಳನ್ನು ಕಳಿಸಿದರು.

ಮಧ್ಯಾಹ್ನ ಅವ್ವ ಬುತ್ತಿ ತೆಗೆದುಕೊಂಡು ಹೋದಳು. ಗೇಟಿನಲ್ಲಿ ಅಪ್ಪ ಇರಲಿಲ್ಲ. ರಾಮದಾಸ ಅವಳ ಮುಖ ನೋಡದೆ ಪಂಪ್ ರೂಮಿನ ಕಡೆ ಕೈ ಮಾಡಿ, "ಝೋಪಲೇತ" ಅಂದ. ಮಲಗಿದ್ದಾರಂತೆ. ಹಗಲು ಯಾವತ್ತೂ ಮಲಗದ ಗಂಡ. ಅವ್ವ ಚಿಲಕ ತೆಗೆದಳು. ಪಂಪಿನ ಸಪ್ಪಳದ ನಡುವೆ ಅಪ್ಪ ಒದ್ದೆ ರೇನ್‌ಕೋಟಿನಲ್ಲೇ ನೆಲದ ಮೇಲೆ ಬಿದ್ದಿದ್ದ. ಬಾಯಿ ಒಂದು ಕಡೆ ಸೊಟ್ಟ, ಬಲಗೈ ಮೈಕೆಳಗೆ ಸಿಕ್ಕಿತ್ತು, ಪ್ಯಾಂಟಿನಲ್ಲೇ ಉಚ್ಚೆ ಹೋಗಿತ್ತು. ಅವ್ವನನ್ನು ಕಂಡು ಕಣ್ಣು ಮಾತ್ರ ಹೊರಳಿಸಿದ.

ನಾನು ಶಾಲೆಯಿಂದ ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಸ್ಕ್ಯಾನ್ ಆಗಿತ್ತು. ಮೀನಲ್ ಎಂಬ ನರರೋಗ ತಜ್ಞೆ ಮರಾಠಿಯಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರು: ಇವರನ್ನು ಕೊನೆಯ ಸಲ ಸರಿಯಿದ್ದಾಗ ನೋಡಿದವರು ಯಾರು, ಎಷ್ಟು ಹೊತ್ತಿಗೆ? ನಮಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ರಾಮದಾಸ, ಮನಸ್ಸು ಚುಚ್ಚಿತೋ ಏನೋ, ಆ ವಿಡಿಯೊವನ್ನು ನನ್ನ ಫೋನಿಗೆ ಕಳಿಸಿದ. ನಾನು ಡಾಕ್ಟರಿಗೆ ತೋರಿಸಿದೆ. ಅವರು ಅದನ್ನು ಎರಡು ಸಲ ನೋಡಿದರು. ಎರಡನೆಯ ಸಲ ನೋಡುವಾಗ ಅವರ ಮುಖ ಗಂಟಿಕ್ಕಿತು.

"ಬಾಯಿ ನೋಡಿ, ಬಲಕ್ಕೆ ಜೋತಿದೆ. ಕೈ ನೋಡಿ, ಏರುತ್ತಿಲ್ಲ. ಮಾತು ಕೇಳಿ. ಮೂರೂ ಇವೆ. ಮಕ್ಕಳಿಗೆ ಪಾಠ ಹೇಳಿದ ಹಾಗೆ ಸ್ಪಷ್ಟವಾಗಿದೆ" ಅಂದರು.

"ಆಗಲೇ ತಂದಿದ್ದರೆ?" ಎಂದು ಕೇಳಿದೆ.

ಅವರು ಸುಳ್ಳು ಸಮಾಧಾನ ಹೇಳುವವರಲ್ಲ. ಮೆದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ, ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು ಎಂದರು. ಈಚಿನ ಸಂಶೋಧನೆಯಿಂದಾಗಿ ಕೆಲವರಿಗೆ ತಡವಾಗಿ ಬಂದರೂ ತೊಡೆಯಿಂದ ತೆಳುವಾದ ನಳಿಕೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯಬಹುದು, ಆದರೆ ಇವರ ಮೆದುಳಿನ ಆ ಭಾಗ ಆಗಲೇ ಸತ್ತಿದೆ, ಆ ದಾರಿಯೂ ಇಲ್ಲ ಎಂದರು. "ಇಂಜೆಕ್ಷನ್ ಕೊಟ್ಟಿದ್ದರೆ ಪೂರ್ತಿ ವಾಸಿಯಾಗುತ್ತಿದ್ದರು ಅಂತ ನಾನು ಆಣೆ ಮಾಡಲಾರೆ. ಒಂದು ಅವಕಾಶ ಇರುತ್ತಿತ್ತು. ಒಳ್ಳೆಯ ಅವಕಾಶ."

ಆ ಅವಕಾಶವನ್ನು ಕಸಿದವನ ಹೆಸರು ನನಗೆ ಗೊತ್ತಿತ್ತು.

ಒಂದು ವಾರದೊಳಗೆ ಅಪ್ಪನ ನೌಕರಿ ಹೋಯಿತು. ಕೆಲಸದ ಮೇಲೆ ಕುಡಿದು ಬಂದ ಎಂಬ ಕಾರಣಕ್ಕೆ. ಆಸ್ಪತ್ರೆಯಿಂದಲೇ ಸೊಸೈಟಿಗೆ ಹೋದೆ. ಗಿರೀಶ್ ಬಾಗಿಲಲ್ಲೇ ನಿಂತು ಮಾತಾಡಿದ. "ನೋಡಿ ಮೇಡಂ, ಐ ಆಮ್ ವೆರಿ ಸಾರಿ ಫಾರ್ ಯುವರ್ ಫಾದರ್. ಬಟ್ ನಾವೇನು ಡಾಕ್ಟರ್ಸಾ? ನೋಡಿದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ."

"ನಾ ತಪ್ಪು ತಿಳಕೊಂಡೆ ಅಂತ ಆ ಗುಂಪಿನ್ಯಾಗ ಒಂದು ಮಾತು ಬರೀರಿ. ಅವ್ರು ಕುಡದಿದ್ದಿಲ್ಲ ಅಂತ ಬರೀರಿ. ಅಷ್ಟ ಸಾಕು."

"ಹಾಗೆಲ್ಲ ರೈಟಿಂಗಲ್ಲಿ ಹಾಕಿದ್ರೆ ನಾಳೆ ಲೀಗಲ್ ಇಶ್ಯೂ ಆಗುತ್ತೆ. ನೀವು ಎಮೋಷನಲ್ ಆಗ್ಬೇಡಿ. ಗೆಟ್ ವೆಲ್ ಸೂನ್ ಅಂತ ಬೇಕಾದ್ರೆ ಹಾಕ್ಸ್ತೀನಿ."

ಬಾಗಿಲು ಮುಚ್ಚಿದ. ನಾನು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೆ. ಆ ಮೆಟ್ಟಿಲಿನ ಇಟ್ಟಂಗಿ ಅಪ್ಪ ಹೊತ್ತದ್ದು. ಇಳಿಯುತ್ತಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ: ಇವನ ಬಾಯಿಂದ ಆ ಮಾತು ಹೊರಡಿಸದೆ ಬಿಡುವುದಿಲ್ಲ.

ಅಪ್ಪ ಮನೆಗೆ ಬಂದಾಗ ಶ್ರಾವಣ. ಒಂದು ಕೋಣೆಯ ಮನೆ, ತಗಡಿನ ಮೇಲೆ ದಿನವಿಡೀ ಮಳೆಯ ಬಡಿತ, ಒಣಗದ ಬಟ್ಟೆಗಳು. ಬಲಗಾಲು ಸ್ವಲ್ಪ ಬಂದಿತ್ತು, ಬಲಗೈ ಬಂದಿರಲಿಲ್ಲ. ಮಾತಿನಲ್ಲಿ ಉಳಿದದ್ದು ಒಂದೇ ಪದ: "ಹೌದ್ರಿ." ನೀರು ಬೇಕೇ ಎಂದರೆ ಹೌದ್ರಿ, ಬೇಡವೇ ಎಂದರೂ ಹೌದ್ರಿ. ನೋವಾದರೆ ಹೌದ್ರಿ, ಸಿಟ್ಟು ಬಂದರೆ ಹೌದ್ರಿ. ಇಷ್ಟು ವರ್ಷ ಗೇಟಿನಲ್ಲಿ ನಿಂತು ಕಂಡಕಂಡವರಿಗೆಲ್ಲ ಹೇಳಿದ ಆ ಪದವನ್ನೇ ರೋಗವೂ ಉಳಿಸಿ ಹೋಗಿತ್ತು. ಕೇಳಿದ್ದು ಅರ್ಥವಾಗುತ್ತಿತ್ತು, ಹೇಳಬೇಕಾದ್ದು ತಲೆಯಲ್ಲಿ ಇತ್ತು, ಬಾಯಿಗೆ ಬರುವಾಗ ಹೌದ್ರಿ ಆಗುತ್ತಿತ್ತು.

ಊರಿಂದ ಸಿದ್ದಣ್ಣ ಕಾಕಾ ನೋಡಲು ಬಂದ. ಅಪ್ಪನ ಚಿಕ್ಕಪ್ಪನ ಮಗ. ವಿಡಿಯೊ ಅಷ್ಟರಲ್ಲಿ ಹೇಗೋ ಆಳಂದಕ್ಕೂ ಮುಟ್ಟಿತ್ತು. ಚಹಾ ಕುಡಿದು, ಅಪ್ಪನ ಕಿವಿಯ ಹತ್ತಿರ ಬಾಗಿ ಕೇಳಿದ, "ಅಣ್ಣಾ, ಖರೇ ಹೇಳು. ಅವತ್ತು ಕುಡದಿದ್ದೇನು?"

ಅಪ್ಪನ ಮುಖ ಕೆಂಪಾಯಿತು. ಕೊರಳಿನ ನರ ಉಬ್ಬಿದವು. ಎಡಗೈಯಿಂದ ಲಿಂಗ ಹಿಡಿದ. "ಹೌದ್ರಿ" ಅಂದ. ತಲೆ ಅಲ್ಲಾಡಿಸಿ ಮತ್ತೆ, "ಹೌದ್ರಿ, ಹೌದ್ರಿ" ಅಂದ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಹೋಗ್ಲಿ ಬಿಡು, ಮನುಷ್ಯಾ ಅಂದಮ್ಯಾಲ ಆಗ್ತದ" ಎಂದು ಕಾಕಾ ಅವನ ಬೆನ್ನು ಸವರಿದ. ನಾನೂ ಅವ್ವನೂ ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಶರಣಪ್ಪ ತಾನೇ ಒಪ್ಪಿಕೊಂಡ ಎಂದು ಊರಿಗೆ ಹೋಗಿ ಹೇಳಿದ.

ಅವತ್ತಿನಿಂದ ಮನೆಯಲ್ಲಿ ನಮಗೆ ಬೇಕಾದದ್ದು ಒಂದೇ ಪದ: ಇಲ್ಲ.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಹುಡುಗಿ ಸಾಯಲಿ. ಅವಳಿಗೆ ಕನ್ನಡ ಬಾರದು. ಆದರೆ ಚಿಕ್ಕಂದಿನ ಭಾಷೆಯಲ್ಲೇ ಶುರು ಮಾಡೋಣ, ನಾನು ರೀತಿ ಕಲಿಸುತ್ತೇನೆ, ನೀವು ಮನೆಯಲ್ಲಿ ಮಾಡಿ ಎಂದಳು. ಮಾತು ಹೋದವರಲ್ಲೂ ಹಾಡು ಉಳಿದಿರುವುದುಂಟು ಎಂದು ಅವಳೇ ನಮಗೆ ಹೇಳಿದ್ದು. ಮಾತು ಹೆಚ್ಚಾಗಿ ಮೆದುಳಿನ ಎಡಗಡೆಯದು, ರಾಗಕ್ಕೆ ಬಲಗಡೆಯೂ ಬೇಕು, ಆ ಬಲಗಡೆಯ ದಾರಿಯಿಂದ ಮಾತನ್ನು ಕರೆತರಲು ನೋಡೋಣ ಎಂದಳು. ಅವ್ವ ನಾಚಿಕೊಂಡು ಹಳೆಯದೊಂದು ಭಜನೆ ಎತ್ತಿದಳು. ಅಪ್ಪ ಎರಡನೆಯ ಸಾಲಿಗೆ ದನಿ ಸೇರಿಸಿದ. ಪದಗಳು ಒಂದೊಂದಾಗಿ, ತಪ್ಪದೆ, ಹಾಡಿನೊಳಗಿಂದ ಬಂದವು. ಅವ್ವ ಹಾಡು ನಿಲ್ಲಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಾಡು ನಿಂತ ಕೂಡಲೇ ಅಪ್ಪನ ಬಾಯಲ್ಲಿ ಮತ್ತೆ ಹೌದ್ರಿ.

ಹಾಗೆ ದಿನಾ ಬೆಳಗ್ಗೆ ಶಾಲೆಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ಅಪ್ಪನ ಎಡ ಅಂಗೈಯನ್ನು ನನ್ನ ಕೈಯಲ್ಲಿ ಹಿಡಿದು, ತಾಳ ತಟ್ಟುತ್ತ, ಎರಡು ಸ್ವರದಲ್ಲಿ ಹಾಡುತ್ತಿದ್ದೆ: ಇ-ಲ್ಲ. ಬಲಗೈಗೂ ಕೆಲಸ ಇತ್ತು. ಅಲ್ಪಸ್ವಲ್ಪ ಬೆರಳು ಆಡತೊಡಗಿದ ಮೇಲೆ ಎಡಗೈಗೆ ಚೀಲ ಕಟ್ಟಿಬಿಡಬೇಕು, ಸರಿಯಿದ್ದ ಕೈ ಸುಮ್ಮನಿದ್ದರೆ ಕೆಟ್ಟ ಕೈ ಕಲಿಯುತ್ತದೆ ಎಂದಿದ್ದರು. ಚೀಲ ಕಟ್ಟಿಸಿಕೊಂಡು ಅಪ್ಪ ಬಲಗೈಯಿಂದ ಶೇಂಗಾ ಬೀಜ ಹೆಕ್ಕುತ್ತಿದ್ದ. ಬೀಜ ಜಾರುತ್ತಿತ್ತು, ಮತ್ತೆ ಹೆಕ್ಕುತ್ತಿದ್ದ.

ದಣಿದಾಗ ಅವನು ಫೋನಿನ ಕಡೆ ಕೈ ತೋರಿಸುತ್ತಿದ್ದ. ಮೊದಲು ನಾನು ಕೊಡಲಿಲ್ಲ. ಹಾಸಿಗೆ ಗುದ್ದಿ ಕೇಳಿದ. ಕೊಟ್ಟೆ. ಆ ವಿಡಿಯೊ ಹಾಕಿಸಿ ನೋಡಿದ. ತನ್ನ ಸೊಟ್ಟ ಬಾಯಿಯನ್ನಲ್ಲ, ಕಿವಿಗೊಟ್ಟು ಆ ನಗುವನ್ನು ಕೇಳಿದ. ಫೋನು ಬದಿಗಿಟ್ಟು, ಕೈ ಮುಂದೆ ಚಾಚಿದ: ತಟ್ಟು. ಹಾಗೆ ಎಷ್ಟೋ ಸಲ. ಸಿಟ್ಟು ನನಗೊಬ್ಬಳಿಗೇ ಎಂದುಕೊಂಡಿದ್ದೆ. ನನ್ನದಕ್ಕಿಂತ ದೊಡ್ಡದು ಅವನಲ್ಲಿ ಇತ್ತು.

ತಪಾಸಣೆಗೆ ಹೋದಾಗ ಡಾಕ್ಟರ್ ಮೀನಲ್ ಆಶ್ಚರ್ಯಪಟ್ಟರು. ಪಾರ್ಶ್ವವಾಯುವಿನ ನಂತರ ಮನಸ್ಸು ಕುಗ್ಗಿ ಎಷ್ಟೋ ಜನ ಅಭ್ಯಾಸ ಬಿಟ್ಟುಬಿಡುತ್ತಾರೆ, ಮೊದಲ ತಿಂಗಳುಗಳು ಹಾಗೇ ವ್ಯರ್ಥವಾಗುತ್ತವೆ, ಇವರು ಹೇಗೆ ಹಿಡಿದು ಕೂತಿದ್ದಾರೆ ಎಂದು ಕೇಳಿದರು.

"ಸಿಟ್ಟುರಿ, ಬರೇ ಸಿಟ್ಟು" ಎಂದಳು ಅವ್ವ. ನಾನು ಅದನ್ನು ಮರಾಠಿಗೆ ತಿರುಗಿಸಿದೆ.

ಡಾಕ್ಟರ್ ನಕ್ಕು, "ಸಿಟ್ಟು ಇರಲಿ. ಬಿ.ಪಿ. ಗುಳಿಗೆ ತಪ್ಪಬಾರದು. ಇನ್ನೊಂದು ಸಲ ಹೊಡೆದರೆ ಸಿಟ್ಟೂ ಉಳಿಯುವುದಿಲ್ಲ" ಅಂದರು.

ಗಣಪತಿ ಹಬ್ಬದ ಡೋಲುಗಳು ಓಣಿಯಲ್ಲಿ ಬಡಿಯುತ್ತಿದ್ದ ಒಂದು ಸಂಜೆ, ಅಪ್ಪ ನನ್ನ ತಾಳಕ್ಕೆ ಕಾಯದೆ, ಹಾಡದೆ, ಒಣ ದನಿಯಲ್ಲಿ "ಇಲ್ಲ" ಅಂದ. ಅವ್ವ ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಬಂದಿದ್ದಳು. ಅಷ್ಟೇ. ರೊಟ್ಟಿ ಬೇಡವೆಂದು ಹೇಳಿದ್ದು. ಅವ್ವ ರೊಟ್ಟಿ ಕೈಯಲ್ಲಿ ಹಿಡಿದೇ ಕೂತುಬಿಟ್ಟಳು.

ಆಮೇಲೆ ಮಾತು ಒಂದೊಂದಾಗಿ ಬಂತು, ತಡವರಿಸುತ್ತ, ನಡುವೆ ದೀರ್ಘ ಮೌನ ಬಿಟ್ಟು.

ಆಗಲೇ ಡಾಕ್ಟರ್ ಒಂದು ಮಾತು ಕೇಳಿದರು. ಅವರು ಕಾಲೇಜು, ಕಂಪನಿ, ಪೊಲೀಸ್ ಠಾಣೆಗಳಿಗೆ ಹೋಗಿ ಲಕ್ವಾದ ಗುರುತು ಹಿಡಿಯುವುದು ಹೇಗೆಂದು ತಿಳಿಸುತ್ತಾರೆ. ಈ ವಿಡಿಯೊ ತೋರಿಸಿದರೆ ಜನ ಮರೆಯುವುದಿಲ್ಲ. ಕುಡಿದವರೆಂದು ತಿಳಿದು ಬಿಟ್ಟುಬಿಡುವುದು ಎಲ್ಲ ಕಡೆ ಆಗುತ್ತಿದೆ. ನಿಮ್ಮ ಒಪ್ಪಿಗೆ ಇದ್ದರೆ ಬಳಸುತ್ತೇನೆ, ಮುಖ ಮಸುಕು ಮಾಡುತ್ತೇನೆ, ದನಿ ತೆಗೆಯುತ್ತೇನೆ ಎಂದರು.

ನಾನು ಅಪ್ಪನಿಗೆ ಹೇಳಿದೆ. ಅವನು ಬಹಳ ಹೊತ್ತು ಪದ ಹುಡುಕಿದ. ತನ್ನ ಮುಖ ಮುಟ್ಟಿ, "ಇರ್ಲಿ" ಅಂದ. ಆಮೇಲೆ ಕಿವಿ ಮುಟ್ಟಿ ಮತ್ತೆ, "ಇರ್ಲಿ."

"ದನಿ ತೆಗೆಯಬೇಡಿ" ಎಂದೆ ಡಾಕ್ಟರಿಗೆ. "ನಗು ಕೇಳಿದರೇನೇ ಜನಕ್ಕೆ ತಟ್ಟುವುದು." ಅವರು ಸರಿ ಅಂದರು.

ನಮ್ಮ ಶಾಲೆಯ ಒಬ್ಬ ಹುಡುಗಿಯ ತಾಯಿ ಹಿಂಜವಡಿಯಲ್ಲಿ, ಗಿರೀಶನ ಕಂಪನಿಯಲ್ಲೇ, ಇಂಥ ಕಾರ್ಯಕ್ರಮ ಏರ್ಪಡಿಸುವ ವಿಭಾಗದಲ್ಲಿದ್ದರು. ಈಗ ಕೂತು ಕೆಲಸ ಮಾಡುವ ಚಿಕ್ಕ ವಯಸ್ಸಿನವರಿಗೂ ಲಕ್ವಾ ಹೊಡೆಯುತ್ತಿದೆಯಂತೆ, ನಿಮ್ಮಲ್ಲೂ ಈ ಡಾಕ್ಟರನ್ನು ಕರೆಸಿ ಎಂದು ಪಾಲಕರ ಸಭೆ ಮುಗಿದ ಮೇಲೆ ಹೇಳಿದೆ. ಅವರು ಖುಷಿಯಿಂದ ಕರೆಸಿದರು. ಆ ಕಚೇರಿಯಲ್ಲಿ ಯಾರು ಇದ್ದಾರೆಂದು ಡಾಕ್ಟರಿಗೂ ಹೇಳಲಿಲ್ಲ, ಆ ತಾಯಿಗೂ ಹೇಳಲಿಲ್ಲ. ಬೇಕೆಂತಲೇ ಮಾಡಿದೆ. ಇವತ್ತಿಗೂ ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಸಭಾಂಗಣದಲ್ಲಿ ಎಲ್ಲರೂ ಕೂತಿದ್ದಾಗ ಪರದೆಯ ಮೇಲೆ ಅಪ್ಪ ಬಂದ. ಅವನ ಮೇಲೆ ಆ ದನಿ ಬಂತು. ಮೊದಲು ಯಾರೋ ಒಬ್ಬರು ಗಿರೀಶನ ಕಡೆ ಹಿಂತಿರುಗಿ ನೋಡಿದರಂತೆ. ಆಮೇಲೆ ಆ ಸಾಲು ಪೂರ್ತಿ. ದಿನಾ ಮೀಟಿಂಗಿನಲ್ಲಿ ಕೇಳುವ ದನಿ ಯಾರಿಗೆ ಗುರುತು ಸಿಗುವುದಿಲ್ಲ? ಹೀಗೆ ತಡಮಾಡಿ ತಂದದ್ದರಿಂದ ಈ ಮನುಷ್ಯ ಏನು ಕಳೆದುಕೊಂಡ ಎಂದು ಡಾಕ್ಟರ್ ವಿವರಿಸುತ್ತಿದ್ದರೆ ಗಿರೀಶ್ ಎದ್ದು ಹೋದನಂತೆ. ಆ ತಾಯಿ ಮರುದಿನ ಇದನ್ನೆಲ್ಲ ಹೇಳುವಾಗ ನಾನು ಅಯ್ಯೋ ಹೌದಾ ಎಂದು ಕೇಳಿಸಿಕೊಂಡೆ. ಮನೆಗೆ ಬಂದು ಅಪ್ಪನಿಗೆ ಒಂದೂ ಬಿಡದೆ ಹೇಳಿದೆ. ಅವನು ಮತ್ತೊಮ್ಮೆ ಹೇಳು ಎಂದು ಸನ್ನೆ ಮಾಡಿದ. ಮತ್ತೊಮ್ಮೆ ಹೇಳಿದೆ.

ದೀಪಾವಳಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಗಿರೀಶ್ ನಮ್ಮ ಮನೆಗೆ ಬಂದ. ಬೂಟು ಬಿಚ್ಚಲೋ ಬೇಡವೋ ಎಂದು ಹೊಸ್ತಿಲಲ್ಲಿ ಅನುಮಾನಿಸಿದ. ಅವ್ವ ಕುರ್ಚಿ ಒರೆಸಿ ಹಾಕಿದಳು. ಆಫೀಸಿನಲ್ಲಿ ಜನ ತನ್ನ ಜೊತೆ ಊಟಕ್ಕೆ ಕೂರುವುದಿಲ್ಲ, ಹೆಂಡತಿ ಮಾತಾಡುತ್ತಿಲ್ಲ, ಮಗಳನ್ನು ಗೆಳತಿಯರು ಕೇಳುತ್ತಾರೆ ಎಂದ. "ಆ ವಾಯ್ಸ್ ಒಂದು ತೆಗೆಸ್ಬಿಡಿ, ಪ್ಲೀಸ್. ವಿಡಿಯೊ ಬೇಕಾದ್ರೆ ಇರ್ಲಿ."

ಅಷ್ಟರಲ್ಲಿ ಅಪ್ಪ ಬಾಯಿ ತೆರೆದಿದ್ದ.

"ನಾ..." ಅಂದ. ನಿಂತ.

"ಹೇಳಿ ಶರಣಪ್ಪ, ನಿಮ್ಗೆ ಏನ್ ಬೇಕೋ..."

"ಅವ್ರೇ ಹೇಳ್ತಾರ, ತಡೀರಿ" ಎಂದೆ.

ಗಿರೀಶ್ ಕೂತ. ಅಪ್ಪ ಹುಡುಕಿದ. ಹೊರಗೆ ಯಾರೋ ಕೊಡ ತುಂಬುತ್ತಿದ್ದರು, ಅದು ತುಂಬಿ ಹರಿಯಿತು. ಗಿರೀಶ್ ಗಡಿಯಾರ ನೋಡಿದ, ನಾನು ನೋಡುತ್ತಿರುವುದನ್ನು ಕಂಡು ಕೈ ಕೆಳಗಿಳಿಸಿದ. ಅವನ ಹಣೆ ಬೆವರಿತ್ತು. ಅಪ್ಪನಿಗೆ ಆತುರವಿರಲಿಲ್ಲ.

"ನಾ... ಕುಡದಿದ್ದಿಲ್ಲ."

"ಗೊತ್ತು, ಗೊತ್ತು. ನಂದೇ ತಪ್ಪು."

ಅಪ್ಪ ತಲೆ ಅಲ್ಲಾಡಿಸಿದ. ಎಡಗೈಯಿಂದ ಗಿರೀಶನ ಜೇಬಿನ ಫೋನು ತೋರಿಸಿದ. "ಅಲ್ಲೆ... ಹೇಳು." ತನ್ನ ಮುಖದ ಸುತ್ತ ಬೆರಳು ತಿರುಗಿಸಿದ. "ಮಾರಿ... ತೋರ್ಸಿ."

ಅರ್ಥವಾಗಲಿಲ್ಲವೆಂದು ಗಿರೀಶ್ ನನ್ನ ಕಡೆ ನೋಡಿದ. "ಗುಂಪಿನ್ಯಾಗ ಹೇಳ್ಬೇಕಂತ. ನಿಮ್ಮ ಮಾರಿ ಕಾಣಂಗ" ಎಂದೆ.

ಅವನು ಫೋನು ತನ್ನ ಕಡೆ ತಿರುಗಿಸಿ ಹಿಡಿದ. ಶರಣಪ್ಪ ಕುಡಿದಿರಲಿಲ್ಲ, ಅವರಿಗೆ ಸ್ಟ್ರೋಕ್ ಆಗಿತ್ತು, ನಾನು ಅವರನ್ನು ಆಸ್ಪತ್ರೆಗೆ ಕಳಿಸುವ ಬದಲು ಕೋಣೆಯಲ್ಲಿ ಕೂಡಿಹಾಕಿಸಿದೆ ಎಂದು ಹಿಂದಿಯಲ್ಲಿ ಹೇಳಿದ. ಅಪ್ಪ ಕೈ ಎತ್ತಿ ನಿಲ್ಲಿಸಿದ. "ಕನ್ನಡ." ಗಿರೀಶ್ ಕನ್ನಡದಲ್ಲೂ ಹೇಳಿದ. ಗುಂಪಿಗೆ ಕಳಿಸಿದ್ದನ್ನು ನಾನು ನೋಡಿದೆ. ನನಗೂ ಒಂದು ಕಳಿಸಿರಿ ಅಂದೆ. ಅದು ಆ ಸಂಜೆಯೇ ಆಳಂದಕ್ಕೆ, ಸಿದ್ದಣ್ಣ ಕಾಕಾನಿಗೆ ಹೋಯಿತು.

"ಈಗ ವಾಯ್ಸ್ ತೆಗೆಸ್ತೀರಲ್ವಾ?" ಎಂದು ಅಪ್ಪನನ್ನೇ ಕೇಳಿದ.

ಇದಕ್ಕೆ ಅಪ್ಪ ಪದ ಹುಡುಕಲಿಲ್ಲ. "ಇಲ್ಲ" ಅಂದ.

ಗಿರೀಶ್ ಇನ್ನೂ ಏನಾದರೂ ಬರುತ್ತದೇನೋ ಎಂದು ಕಾದ. ಏನೂ ಬರಲಿಲ್ಲ. ಅವ್ವ ತಂದಿಟ್ಟ ನೀರನ್ನೂ ಮುಟ್ಟದೆ ಎದ್ದು ಹೋದ. ಅವ್ವ ಲೋಟ ತೆಗೆಯುತ್ತ, "ಹೇಳಿದ್ನಲ್ಲ ಪಾಪ, ತೆಗಸಬಹುದಿತ್ತು" ಅಂದಳು. ವರ್ಷದೊಳಗೆ ಗಿರೀಶ್ ಮನೆ ಮಾರಿ ಬೆಂಗಳೂರಿಗೆ ಹೋದನೆಂದು ರಾಮದಾಸ ಹೇಳಿದ. ವಿಡಿಯೊ ಈಗ ಅಲ್ಲಿಯ ಆಸ್ಪತ್ರೆಗಳಿಗೂ ಹೋಗಿದೆಯಂತೆ.

ಅಪ್ಪ ಈಗ ಕೋಲು ಹಿಡಿದು ಓಣಿಯ ತುದಿಯವರೆಗೆ ಹೋಗಿ ಬರುತ್ತಾನೆ. ಕಳೆದ ಮಳೆಗಾಲದಲ್ಲಿ ಒಬ್ಬ ಅಪರಿಚಿತ ಪೇಢೆಯ ಪೊಟ್ಟಣ ಹಿಡಿದು ಬಂದ. ಅವನ ತಾಯಿ ಮೆಟ್ಟಿಲ ಮೇಲೆ ತೂರಾಡಿ ತೊದಲಿದಾಗ, ಅಪ್ಪನ ವಿಡಿಯೊ ನೋಡಿದ್ದ ಅವರ ವಾಚ್‌ಮನ್ ಯಾರನ್ನೂ ಕೇಳದೆ ರಿಕ್ಷಾ ನಿಲ್ಲಿಸಿ ಆಸ್ಪತ್ರೆಗೆ ಒಯ್ದನಂತೆ. ಇಂಜೆಕ್ಷನ್ ಸಮಯಕ್ಕೆ ಸಿಕ್ಕಿತು. ಆಕೆ ಈಗ ತಮ್ಮ ಅಡಿಗೆ ತಾವೇ ಮಾಡಿಕೊಳ್ಳುತ್ತಾರೆ. ಆತ ಅಪ್ಪನ ಕಾಲು ಮುಟ್ಟಿದ. ಅಪ್ಪ ಬಲಗೈಯಿಂದಲೇ ಒಂದು ಪೇಢೆ ಎತ್ತಿ, ಸ್ವಲ್ಪ ಚೆಲ್ಲಿ, ಬಾಯಿಗಿಟ್ಟುಕೊಂಡ. ಬಹಳ ದಿನಗಳ ಮೇಲೆ ಅಂದು ಅವನು ನಕ್ಕದ್ದನ್ನು ನೋಡಿದೆ.

ಕೇಳಿದವರೆಲ್ಲ, ನೋಡು, ನೀನು ಮಾಡಿದ್ದರಿಂದ ಎಷ್ಟು ಒಳ್ಳೆಯದಾಯಿತು ಅನ್ನುತ್ತಾರೆ. ಆಗಿದೆ, ಸಂತೋಷ. ನಾನು ಅದನ್ನು ಮಾಡಿದ್ದು ಮಾತ್ರ ಒಳ್ಳೆಯದಾಗಲೆಂದಲ್ಲ. ಆ ಪೇಢೆ ತಿಂದ ದಿನ ಅಪ್ಪನ ಸಿಟ್ಟು ಕೊಂಚ ಇಳಿದಿರಬಹುದು. ನನ್ನದು ಇಳಿದಿಲ್ಲ. ಇಳಿಯಲಿ ಎಂದು ನಾನು ಕಾಯುತ್ತಲೂ ಇಲ್ಲ.